ಚಾಪೆಯಗಲದ ಗರಡಿ

ವ್ಯಾಯಾಮವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಈ ಕಾಲದ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ದೊಡ್ಡ ಮನೆ ಎದ್ದು ನಿಲ್ಲುತ್ತದೆ. ಅಲ್ಲಿ ಗೋಡೆಯುದ್ದಕ್ಕೂ ಕನ್ನಡಿ, ಹೊಳೆಯುವ ಉಕ್ಕಿನ ಯಂತ್ರಗಳು, ತಣ್ಣನೆಯ ಗಾಳಿ, ಕಿವಿ ತುಂಬುವ ಸಂಗೀತ. ಬಾಗಿಲಲ್ಲಿ ಹಣ ಎಣಿಸಿಕೊಳ್ಳುವ ಒಬ್ಬ ಮಹನೀಯ. ಆ ಬಾಗಿಲನ್ನು ದಾಟುವಷ್ಟು ಹಣ ತನ್ನಲ್ಲಿಲ್ಲವೆಂದು ಕಂಡುಕೊಂಡ ಕೂಡಲೆ ಹುಡುಗನು ವ್ಯಾಯಾಮದ ವಿಚಾರವನ್ನೇ ಕೈಬಿಡುತ್ತಾನೆ. "ಓದು ಮುಗಿಯಲಿ, ನೌಕರಿ ಸಿಗಲಿ, ಆಮೇಲೆ ನೋಡೋಣ" ಎಂದುಕೊಳ್ಳುತ್ತಾನೆ. ನೌಕರಿ ಸಿಗುವ ವೇಳೆಗೆ ಬೆನ್ನು ಬಾಗಿ ಹೊಟ್ಟೆ ಮುಂದೆ ಬಂದಿರುತ್ತದೆ. ಈ ಹೊತ್ತು ನಾವು ಮಾತನಾಡಹೊರಟಿರುವುದು ಆ ದೊಡ್ಡ ಮನೆಯನ್ನು ಕುರಿತಲ್ಲ. ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಕೊಠಡಿಯನ್ನು ಕುರಿತು.

ಕಲಬುರಗಿಯ ಖೂಬಾ ಪ್ಲಾಟಿನಂಥ ಬಡಾವಣೆಗಳನ್ನು ಬಲ್ಲವರಿಗೆ ಇಂಥ ಕೊಠಡಿಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. 1958ರಲ್ಲಿ ಪಿ. ಡಿ. ಎ. ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. 1963ರಲ್ಲಿ ಮಹಾದೇವಪ್ಪ ರಾಂಪುರೆಯವರ ಹೆಸರಿನ ವೈದ್ಯಕೀಯ ಕಾಲೇಜೂ, 1980ರಲ್ಲಿ ವಿಶ್ವವಿದ್ಯಾಲಯವೂ ಬಂದವು. ಅಂದಿನಿಂದ ಕಮಲಾಪುರ, ಆಳಂದ, ಜೇವರ್ಗಿ, ಸೇಡಂ, ಚಿಂಚೋಳಿ, ಅಫಜಲಪುರಗಳ ಮಕ್ಕಳಿಗೆ ಇದು ವಿದ್ಯೆಯ ಊರು. ಪದವಿಗೆ ಬಂದವರು, ಪದವಿ ಮುಗಿಸಿ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತ ಉಳಿದವರು, ಇಬ್ಬರು ಮೂವರಾಗಿ ಒಂದೊಂದು ಕೊಠಡಿ ಹಿಡಿಯುತ್ತಾರೆ. ಒಂದು ಕಬ್ಬಿಣದ ಮಂಚ, ಉಳಿದವರಿಗೆ ಚಾಪೆ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ. ಒಂದು ಮೂಲೆಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಪುಸ್ತಕದ ಗೋಪುರ. ಊರಿನ ಬಸ್ಸಿನಲ್ಲಿ ತಾಯಿ ಕಳಿಸಿದ ರೊಟ್ಟಿಯ ಬುತ್ತಿ. ಮಾಳಿಗೆಯ ಮೇಲೆ ತಗಡು ಹೊದಿಸಿ ಕಟ್ಟಿದ ಕೊಠಡಿಗೆ ಬಾಡಿಗೆ ಕಡಿಮೆ. ಬೇಸಗೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಈ ಕೊಠಡಿಗೆ ಬರುವ ಹುಡುಗ ಬರಿಗೈಯಲ್ಲಿ ಬರುವುದಿಲ್ಲ. ಅವನು ಒಂದು ಮೈಯನ್ನು ತಂದಿರುತ್ತಾನೆ. ಹೊಲಕ್ಕೆ ನಡೆದು, ಬಾವಿಯಿಂದ ನೀರು ಸೇದಿ, ತೊಗರಿಯ ಚೀಲಕ್ಕೆ ಹೆಗಲು ಕೊಟ್ಟು, ಜಾತ್ರೆಯ ದಿನ ಗೆಳೆಯರ ಎದುರಿಗೆ ಸಂಗ್ರಾಣಿಕಲ್ಲಿಗೆ ಕೈಹಚ್ಚಿ ಬೆಳೆದ ಮೈ ಅದು. ಅದನ್ನು ಬೆಳೆಸಬೇಕೆಂದು ಅವನು ಬೆಳೆಸಿದ್ದಲ್ಲ; ಬದುಕೇ ಬೆಳೆಸಿತು. ತಾನಾಗಿ ಬಂದುದರ ಬೆಲೆ ಯಾರಿಗೂ ತಿಳಿಯದಷ್ಟೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತು ಓದುವ ಬಾಳು ಆರಂಭವಾದ ಮೇಲೆ ಆ ಮೈ ಸದ್ದಿಲ್ಲದೆ ಹೊರಟುಹೋಗುತ್ತದೆ. ಮೊದಲನೆಯ ವರ್ಷ ತರಗತಿಗೆ ಬಂದ ಹುಡುಗನ ಹೆಗಲನ್ನೂ ಮೂರನೆಯ ವರ್ಷದ ಕೊನೆಗೆ ಅದೇ ಹುಡುಗನ ಹೆಗಲನ್ನೂ ನಾವು ವರ್ಷ ವರ್ಷವೂ ನೋಡುತ್ತಿದ್ದೇವೆ. ತಲೆತಲಾಂತರದಿಂದ ಬಂದ ಬಲವನ್ನು ವಿದ್ಯೆ ಪಡೆದ ಮೊದಲನೆಯ ತಲೆಮಾರೇ ಕಳೆದುಕೊಳ್ಳುವುದಾದರೆ ಆ ವ್ಯಾಪಾರದಲ್ಲಿ ಲಾಭವೆಷ್ಟು ನಷ್ಟವೆಷ್ಟು ಎಂದು ಲೆಕ್ಕ ಹಾಕಬೇಕಾಗುತ್ತದೆ.

ಹುಡುಗಿಯರ ಸ್ಥಿತಿ ಇನ್ನೂ ಬೇರೆ. ಹುಡುಗನಿಗೆ ಬೇಕಾದರೆ ಬೆಳಗಿನ ಜಾವ ಮೈದಾನವುಂಟು, ರಸ್ತೆಯುಂಟು. ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ಬೆಳೆದ ಹುಡುಗಿ ನಗರಕ್ಕೆ ಬಂದ ಮೇಲೆ ನಸುಕಿನಲ್ಲಿ ಓಡಲು ಹೊರಟರೆ ನೋಡುವ ಕಣ್ಣುಗಳೆಷ್ಟು, ಕೇಳುವ ಬಾಯಿಗಳೆಷ್ಟು! ಸಂಜೆ ದೀಪ ಹಚ್ಚುವ ಹೊತ್ತಿಗೆ ಅನೇಕ ವಸತಿಗೃಹಗಳಲ್ಲಿ ಅವಳ ಬಾಗಿಲು ಹಾಕಿರುತ್ತದೆ. ಕೊಠಡಿಯೊಳಗಣ ವ್ಯಾಯಾಮವು ಹುಡುಗನಿಗೆ ಒಂದು ಅನುಕೂಲ. ಹುಡುಗಿಗೆ ಬಹುಮಟ್ಟಿಗೆ ಇರುವುದೊಂದೇ ದಾರಿ. ಈ ಸ್ಥಿತಿ ನ್ಯಾಯವಾದುದೆಂದು ನಾವು ಹೇಳುತ್ತಿಲ್ಲ. ಊರು ತಿದ್ದಿಕೊಳ್ಳುವವರೆಗೆ ಅವಳ ಮೂಳೆಗಳೂ ಸ್ನಾಯುಗಳೂ ಕಾಯಲಾರವು ಎಂದಷ್ಟೇ ಹೇಳುತ್ತಿದ್ದೇವೆ.

ಇರಲಿ, ಇಷ್ಟು ಇಕ್ಕಟ್ಟಿನಲ್ಲಿ ಆಗುವಂಥದಾದರೂ ಏನು ಎಂದು ಕೇಳಬಹುದು. ಮೈ ಸಾಧನೆಯ ಚರಿತ್ರೆಯನ್ನು ನೋಡಿದರೆ ವಿಶಾಲವಾದ ಶಾಲೆಗಳಷ್ಟೇ ಇಕ್ಕಟ್ಟಾದ ಕೊಠಡಿಗಳೂ ಅದರಲ್ಲಿ ಬರುತ್ತವೆ. ನಮ್ಮ ಜಿಲ್ಲೆಯ ನೆರೆಯ ಬಸವಕಲ್ಯಾಣದಿಂದಲೇ ಆರಂಭಿಸೋಣ. ಅಲ್ಲಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿನೋದಕ್ಕೇ ಒಂದು ಪ್ರಕರಣವಿದೆ. ಭಾರ ಹೊರುವುದು, ನಡೆಯುವುದು, ಈಜುವುದು, ತೋಳಿಗೆ ತೋಳು ಕೊಟ್ಟು ಸೆಣಸುವುದು, ಕಂಬದ ಮೇಲೆ ಶ್ರಮಿಸುವುದು ಎಂಬುದಾಗಿ ಅವರ ಸಾಧನೆಯ ಬಗೆಗಳು ಅಲ್ಲಿ ಬರುತ್ತವೆ. ಅವರು ಅರಮನೆಯ ಅನ್ನ ಉಂಡ ಮಲ್ಲರು; ನಮ್ಮವರು ಖಾನಾವಳಿಯ ಅನ್ನ ಉಣ್ಣುವವರು. ಆದರೂ ಆ ಪಟ್ಟಿಯಲ್ಲಿ ಈಜೊಂದನ್ನು ಬಿಟ್ಟರೆ ಉಳಿದುದಕ್ಕೆಲ್ಲ ಬೇಕಾದುದು ಒಂದು ಭಾರ, ಒಂದು ಆಸರೆ, ಒಬ್ಬ ಜೊತೆಗಾರ, ಇಷ್ಟೇ.

ಹತ್ತಿರದ ಕಾಲಕ್ಕೆ ಬಂದರೆ ಕೆ. ವಿ. ಅಯ್ಯರ್ ಅವರಿದ್ದಾರೆ. ಇಂದಿನ ಓದುಗರು ಅವರನ್ನು 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃವೆಂದು ಬಲ್ಲರು. 1930ರ ದಶಕದಲ್ಲಿ ಅವರ ಹೆಸರು ಹಬ್ಬಿದ್ದು ಅಂಗಸಾಧನೆಯ ಗುರುವೆಂದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದರು, ಸೂರ್ಯನಮಸ್ಕಾರವನ್ನು ಕುರಿತು 1937ರಲ್ಲಿ ಪುಸ್ತಕ ಬರೆದರು; ಅಷ್ಟೇ ಅಲ್ಲದೆ ದೂರದ ಊರುಗಳವರಿಗೆ ಅಂಚೆಯ ಮೂಲಕವೂ ಪಾಠ ಹೇಳಿದರು. ಅಂಚೆಯಲ್ಲಿ ಪಾಠ ಹೋಗುತ್ತದೆ, ಗರಡಿ ಹೋಗುವುದಿಲ್ಲ. ಕಲಿಯುವವನ ಮನೆಯ ಮೂಲೆಯೇ ಗರಡಿಯಾಗಬೇಕು.

ಯೂರೋಪಿನಲ್ಲಿ ಡೆನ್ಮಾರ್ಕ್ ದೇಶದ ಮ್ಯುಲ್ಲರ್ ಎಂಬಾತನು 1904ರಲ್ಲಿ ಪ್ರಕಟಿಸಿದ ಪುಸ್ತಕವೊಂದು, ದಿನಕ್ಕೆ ಹದಿನೈದೇ ನಿಮಿಷದ ಸಾಧನೆಯನ್ನು ಬೋಧಿಸಿ, ಅನೇಕ ಭಾಷೆಗಳಿಗೆ ಹೋಯಿತು. ಅದನ್ನು ಪಾಲಿಸಿದವರಲ್ಲಿ ಪ್ರಾಗ್ ನಗರದ ವಿಮಾ ಕಚೇರಿಯ ನೌಕರನೊಬ್ಬನಿದ್ದ. ತಂದೆತಾಯಿಗಳ ಮನೆಯಲ್ಲಿ, ಎಲ್ಲರೂ ಹಾದುಹೋಗುವ ಒಂದು ಕೊಠಡಿಯಲ್ಲಿ ಅವನ ವಾಸ. ಸಂಜೆ ಕಿಟಕಿ ತೆರೆದು ಹತ್ತು ನಿಮಿಷ ಅಂಗಸಾಧನೆ ಮಾಡಿ, ಊಟವಾದ ಮೇಲೆ ರಾತ್ರಿಯೆಲ್ಲ ಬರೆಯಲು ಕೂಡುತ್ತಿದ್ದುದಾಗಿ 1912ರ ಒಂದು ಪತ್ರದಲ್ಲಿ ತಾನೇ ತಿಳಿಸಿದ್ದಾನೆ. ಅವನ ಹೆಸರು ಫ್ರಾನ್ಜ್ ಕಾಫ್ಕಾ. ಸಾಹಿತ್ಯದ ವಿದ್ಯಾರ್ಥಿಗಳು ಅವನ ಕಥೆಗಳಲ್ಲಿ ಜಿರಲೆಯನ್ನು ನೆನಪಿಟ್ಟುಕೊಳ್ಳುತ್ತಾರೆ, ಕಿಟಕಿಯನ್ನು ಮರೆಯುತ್ತಾರೆ.

ಬಾನುಲಿಗೂ ಇದಕ್ಕೂ ಸಂಬಂಧವುಂಟು. ಜಪಾನಿನಲ್ಲಿ 1928ರಲ್ಲಿ ರೇಡಿಯೋ ಮೂಲಕ ಅಂಗಸಾಧನೆಯ ಪಾಠ ಆರಂಭವಾಯಿತು. ಯುದ್ಧಾನಂತರ ಕೆಲವು ಕಾಲ ನಿಂತು ಮತ್ತೆ ಮೊದಲಾದ ಆ ಕಾರ್ಯಕ್ರಮ ಇಂದಿಗೂ ಬೆಳಗ್ಗೆ ಆರೂವರೆಗೆ ಪಿಯಾನೋ ಸ್ವರದೊಡನೆ ಕೇಳಿಬರುತ್ತದೆ. ಕೆನಡಾದ ವಾಯುಸೇನೆಯವರು 1950ರ ದಶಕದಲ್ಲಿ ದೂರದ ಠಾಣೆಗಳಲ್ಲಿರುವ ತಮ್ಮ ವೈಮಾನಿಕರಿಗಾಗಿ, ಯಾವ ಸಲಕರಣೆಯೂ ಬೇಡದ, ದಿನಕ್ಕೆ ಹನ್ನೊಂದು ನಿಮಿಷದ ಒಂದು ಕ್ರಮವನ್ನು ರೂಪಿಸಿಕೊಂಡರು. ಹಿಮದ ನಡುವಣ ಠಾಣೆಗೂ ತಗಡಿನ ಕೆಳಗಣ ಕೊಠಡಿಗೂ ಹವೆಯಲ್ಲಿ ವ್ಯತ್ಯಾಸವುಂಟು, ಕೊರತೆಯಲ್ಲಿ ಇಲ್ಲ.

ಇನ್ನು ಕೆಲಸದ ಮಾತು. ಆರಡಿ ಉದ್ದ ಎರಡೂವರೆ ಅಡಿ ಅಗಲದ ನೆಲ ಸಾಕು. ಮಲಗುವ ಚಾಪೆ ಆಕ್ರಮಿಸುವುದೂ ಅಷ್ಟನ್ನೇ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವೂ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವೂ ಬೇಕು. ನೂರೈವತ್ತನ್ನು ಏಳರಿಂದ ಭಾಗಿಸಿದರೆ ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗುವುದಿಲ್ಲ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡದಿದ್ದರೆ ಅದು ಲೆಕ್ಕಕ್ಕಿಲ್ಲವೆಂದು ಮೊದಲು ಇದ್ದ ನಿಯಮವನ್ನು ಆ ವರ್ಷ ಬಿಟ್ಟುಬಿಟ್ಟರು. ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಒಂದು ಅಧ್ಯಾಯ ಮುಗಿದಾಗ ಎದ್ದು ಇಪ್ಪತ್ತು ಬಸ್ಕಿ ಹೊಡೆದರೆ ಅದೂ ಜಮೆಯೇ.

ದಂಡವನ್ನು ಎಲ್ಲರೂ ಬಲ್ಲರು. ಅದರ ತೂಕವನ್ನು ಬಲ್ಲವರು ಕಡಿಮೆ. ಪಾದ ಮತ್ತು ಅಂಗೈಗಳ ಮೇಲೆ ಮೈಯನ್ನು ನೆಟ್ಟಗೆ ಹಿಡಿದು ಮಾಡುವ ನೇರ ದಂಡದಲ್ಲಿ ಕೈಗಳ ಮೇಲೆ ಬೀಳುವ ಭಾರ ಮೈತೂಕದ ಸುಮಾರು 64 ಪಾಲು, ಅಂದರೆ ನೂರಕ್ಕೆ ಅರವತ್ತನಾಲ್ಕು, ಎಂದು ಅಳೆದು ನೋಡಿದ್ದಾರೆ. ಅರವತ್ತು ಕಿಲೋ ತೂಗುವ ಹುಡುಗ ಒಂದೊಂದು ದಂಡಕ್ಕೂ 38 ಕಿಲೋ ಎತ್ತುತ್ತಾನೆ. ಇದು ಹೊಸಬರಿಗೆ ಹೆಚ್ಚು. ಮೊಣಕಾಲೂರಿದರೆ ಭಾರವು ನೂರಕ್ಕೆ 49ಕ್ಕೆ ಇಳಿಯುತ್ತದೆ. ಎರಡಡಿ ಎತ್ತರದ ಮಂಚದ ಅಂಚಿಗೆ ಕೈಯೂರಿ ಮಾಡಿದರೆ 41ಕ್ಕೆ. ತಿರುಗಿಸಿ, ಅಷ್ಟೇ ಎತ್ತರದ ಮೇಲೆ ಕಾಲಿಟ್ಟು ಕೈಗಳನ್ನು ನೆಲಕ್ಕೂರಿದರೆ ಭಾರ 74ಕ್ಕೆ ಏರುತ್ತದೆ. ನೋಡಿ, ಒಂದು ಕಬ್ಬಿಣದ ಮಂಚದಿಂದ ಅದೇ ಹುಡುಗನಿಗೆ 25 ಕಿಲೋದಿಂದ 44 ಕಿಲೋವರೆಗೆ ತೂಕಗಳು ದೊರೆತವು. ಪೇಟೆಯಲ್ಲಿ ಇವನ್ನು ಕಬ್ಬಿಣದ ಬಿಲ್ಲೆಗಳಾಗಿ ಕೊಂಡರೆ ಒಂದು ತಿಂಗಳ ಊಟದ ಹಣ ಹೋದೀತು. ಮಂಚವನ್ನು ಮಾತ್ರ ಗೋಡೆಗೆ ಒತ್ತಿ ನಿಲ್ಲಿಸಿರಬೇಕು. ಜಾರುವ ಮಂಚ ಹಲ್ಲಿಗೆ ಹಗೆ.

ಬಲ ಬೆಳೆಯುವ ಗುಟ್ಟೂ ಇಷ್ಟೇ. ಕರುವನ್ನು ಹುಟ್ಟಿದ ದಿನದಿಂದ ದಿನವೂ ಹೊತ್ತು, ಅದು ಎತ್ತಾದ ಮೇಲೂ ಹೊತ್ತು ತಿರುಗಿದ ಮೈಲೋ ಎಂಬ ಜಟ್ಟಿಯ ಕಥೆ ಗ್ರೀಕರಲ್ಲಿದೆ. ಕಥೆ ಹೇಗೇ ಇರಲಿ, ತತ್ವ ಸರಿಯಾದುದು. ನಿನ್ನೆಗಿಂತ ಇಂದು ಕೂದಲೆಳೆಯಷ್ಟು ಹೆಚ್ಚು ಕೆಲಸ ಕೊಟ್ಟರೆ ಸ್ನಾಯು ಅದಕ್ಕೆ ಹೊಂದಿಕೊಳ್ಳುತ್ತದೆ. ಅದೇ ಕೆಲಸವನ್ನೇ ಕೊಡುತ್ತಿದ್ದರೆ ಇದ್ದಲ್ಲೇ ನಿಲ್ಲುತ್ತದೆ. ನಿತ್ಯವೂ ನೂರು ಬಸ್ಕಿ ಹೊಡೆದು ನೂರರಲ್ಲೇ ತೃಪ್ತರಾದವರನ್ನು ನಾವು ಕಂಡಿದ್ದೇವೆ. ಬಸ್ಕಿ ಸುಲಭವಾದಾಗ ಎಣಿಕೆಯನ್ನು ಹೆಚ್ಚಿಸುವುದಕ್ಕಿಂತ ಇಳಿಯುವುದನ್ನು ನಿಧಾನ ಮಾಡಬೇಕು. ಆಮೇಲೆ ಹೆಗಲಿಗೆ ಪುಸ್ತಕ ತುಂಬಿದ ಚೀಲವನ್ನು ಹಾಕಬೇಕು. ಆಮೇಲೆ ಒಂದು ಕಾಲನ್ನು ಹಿಂದೆ ಮಂಚದ ಮೇಲಿಟ್ಟು ಒಂದೇ ಕಾಲಿನಲ್ಲಿ ಕೆಲಸ ಮಾಡಬೇಕು. ಆ ಹಂತಕ್ಕೆ ಬಂದವನಿಗೆ ಕೊಠಡಿ ಸಣ್ಣದೆಂಬ ದೂರು ಇರುವುದಿಲ್ಲ. ಉಸಿರು ಸಾಲದೆಂಬ ದೂರು ಇರುತ್ತದೆ.

ಕೊಠಡಿಯಲ್ಲಿ ಕಷ್ಟವಾದುದು ಎಳೆಯುವ ಕೆಲಸ. ತಳ್ಳುವುದಕ್ಕೆ ನೆಲವಿದೆ, ಎಳೆಯುವುದಕ್ಕೆ ಏನಿದೆ? ಬಾಗಿಲ ಚೌಕಟ್ಟಿಗೆ ಜೋತುಬೀಳಬೇಡಿ. ಬಾಡಿಗೆಯ ಮನೆಯ ಬಾಗಿಲು ಮಾಲೀಕನ ಸೊತ್ತು, ನಿಮ್ಮ ಬೆನ್ನು ನಿಮ್ಮದು. ಎಲ್ಲರ ಕೊಠಡಿಯಲ್ಲೂ ಇರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಈ ಕೆಲಸಕ್ಕೆ ಯೋಗ್ಯವಾದುದು. ಒಂದು ಲೀಟರು ನೀರು ಒಂದು ಕಿಲೋ. ಐದು ಲೀಟರು ತುಂಬಿದರೆ ಐದು ಕಿಲೋ, ಹನ್ನೆರಡು ತುಂಬಿದರೆ ಹನ್ನೆರಡು. ಇಷ್ಟು ಸೂಕ್ಷ್ಮವಾಗಿ ಏರಿಸಿ ಇಳಿಸಬಹುದಾದ ತೂಕವನ್ನು ಯಾವ ಕಾರಖಾನೆಯೂ ಮಾಡಿಲ್ಲ. ಹಿಡಿಗೆ ಹಳೆಯ ಟವೆಲೊಂದನ್ನು ಸುತ್ತಿ, ಬೆನ್ನನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ, ಒಂದು ಕೈಯನ್ನು ಮಂಚಕ್ಕೂರಿ, ಇನ್ನೊಂದರಿಂದ ಕ್ಯಾನನ್ನು ಪಕ್ಕೆಯವರೆಗೆ ಎಳೆದುಕೊಳ್ಳಬೇಕು. ಪುಸ್ತಕದ ಮೇಲೆ ಬಾಗಿ ಮುಂದಕ್ಕೆ ಬಂದ ಹೆಗಲುಗಳನ್ನು ಹಿಂದಕ್ಕೆ ಒಯ್ಯುವುದು ಈ ಎಳೆತವೇ. ಆದುದರಿಂದ ಓದುವವರು ತಳ್ಳುವುದಕ್ಕಿಂತ ಎಳೆಯುವುದನ್ನು ಹೆಚ್ಚಾಗಿ ಮಾಡತಕ್ಕದ್ದು. ಮೇಲಾಗಿ, ತುಂಬಿದ ಕ್ಯಾನನ್ನು ಮೆಟ್ಟಿಲು ಹತ್ತಿ ತರುವ ಸರದಿಯನ್ನು ನೀವೇ ವಹಿಸಿಕೊಂಡರೆ ಸೋಮೇಶ್ವರನ ಪಟ್ಟಿಯ ಭಾರಶ್ರಮವೂ ಆಯಿತು. ಕೊಠಡಿಯ ಮಿತ್ರರು ಪುಣ್ಯಾತ್ಮನೆಂದು ಕೊಂಡಾಡುವುದೂ ಆಯಿತು.

ಸೂರ್ಯನಮಸ್ಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಪೆಯಗಲದಲ್ಲಿ ಇಡೀ ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಉಸಿರನ್ನೂ ಏರಿಸುವ ಸಾಧನೆ ಅದರಂಥದು ಬೇರೊಂದಿಲ್ಲ. ಕುಣಿತ ಜಿಗಿತಗಳನ್ನು ಮಾತ್ರ ಕೆಳಗಿನ ಅಂತಸ್ತಿನಲ್ಲಿರುವವರು ಮಾಡಲಿ. ಬೆಳಗಿನ ಐದು ಗಂಟೆಗೆ ಮನೆಯ ಮಾಲೀಕನ ತಲೆಯ ಮೇಲೆ ಜಿಗಿದವನು ತಿಂಗಳ ಕೊನೆಗೆ ಹೊಸ ಕೊಠಡಿಯನ್ನು ಹುಡುಕಬೇಕಾದೀತು. ಮೆಟ್ಟಿಲನ್ನು ಸದ್ದಿಲ್ಲದೆ ಹತ್ತಿಳಿಯುವುದರಿಂದ ಎದೆಗೆ ಅದೇ ಪ್ರಯೋಜನ ದೊರೆಯುತ್ತದೆ.

ಬಿಸಿಲಿನ ಮಾತನ್ನು ಕಲಬುರಗಿಯವರು ಮರೆಯುವ ಹಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿದು. ತಗಡಿನ ಕೆಳಗೆ ರಾತ್ರಿ ಹತ್ತಕ್ಕೂ ಕೊಠಡಿ ಕಾದೇ ಇರುತ್ತದೆ. ಬೆವರು ಆರಿದಾಗಲೇ ಮೈ ತಣ್ಣಗಾಗುವುದು. ಗಾಳಿಯಾಡದ ಕೊಠಡಿಯಲ್ಲಿ ಬೆವರು ಹರಿದು ಹೋಗುತ್ತದೆ, ಆರುವುದಿಲ್ಲ. ಆದಕಾರಣ ಆ ತಿಂಗಳುಗಳಲ್ಲಿ ಸೂರ್ಯೋದಯಕ್ಕೆ ಮೊದಲೇ, ಬಾಗಿಲು ಕಿಟಕಿಗಳೆರಡನ್ನೂ ತೆರೆದು, ಇಲ್ಲವೆ ಮಾಳಿಗೆಯ ಮೇಲೆ, ಎಂದಿನ ಅರ್ಧದಷ್ಟು ಕೆಲಸ ಸಾಕು. ತಲೆ ತಿರುಗಿದರೆ, ಓಕರಿಕೆ ಬಂದರೆ ಆ ಕ್ಷಣವೇ ನಿಲ್ಲಿಸಿ ನೀರು ಕುಡಿದು ತಂಪಿನಲ್ಲಿ ಕೂಡಬೇಕು. ಅಲ್ಲಿ ಪೌರುಷ ತೋರತಕ್ಕದ್ದಲ್ಲ. ಎದೆಯ ಕಾಯಿಲೆಯೋ ಉಬ್ಬಸವೋ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಆಹಾರದ ವಿಚಾರದಲ್ಲಿ ನಮ್ಮ ಹುಡುಗರು ಮೋಸಹೋಗುವಷ್ಟು ಬೇರೆಲ್ಲೂ ಹೋಗುವುದಿಲ್ಲ. ಬಣ್ಣದ ಡಬ್ಬಿಯಲ್ಲಿ ಬರುವ ಪುಡಿಗೆ ಸಾವಿರಗಟ್ಟಲೆ ಸುರಿದು, ಅದಕ್ಕಾಗಿ ಒಪ್ಪೊತ್ತಿನ ಊಟ ಬಿಟ್ಟವರುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಗಣನೆಯಂತೆ ಮೈತೂಕದ ಒಂದು ಕಿಲೋಗೆ 0.83 ಗ್ರಾಂ ಸಸಾರಜನಕ ದಿನಕ್ಕೆ ಬೇಕು. ಅರವತ್ತು ಕಿಲೋಗೆ ಸುಮಾರು 50 ಗ್ರಾಂ ಆಯಿತು. ಮೈ ಬೆಳೆಸುವವರಿಗೆ ಇದಕ್ಕಿಂತ ಹೆಚ್ಚು ಬೇಕೆಂಬುದು ನಿಜ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ತಾಯಿ ಕಳಿಸಿದ ಬುತ್ತಿಯಲ್ಲಿ ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇದ್ದೇ ಇರುತ್ತದೆ. ಅದು ಆ ಡಬ್ಬಿಯ ಪುಡಿಗೆ ನಾಚಬೇಕಾದುದಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದೇ ಊರಿನ ಕೆಲವು ಖಾನಾವಳಿಗಳ ಸಾರಿನಲ್ಲಿ ಬೇಳೆಯನ್ನು ದುರ್ಬೀನು ಹಿಡಿದು ಹುಡುಕಬೇಕಾಗಿರುವುದು ಬೇರೆ ಮಾತು. ಕಮಲಾಪುರದ ಕೆಂಬಾಳೆಯ ಹಣ್ಣು ಕೈಗೆಟುಕಿದ ದಿನ ತಿನ್ನಿ. ಉಳಿದ ದಿನಗಳಲ್ಲಿ ಸಾದಾ ಬಾಳೆಹಣ್ಣು ಅದೇ ಕೆಲಸವನ್ನು ಮಾಡುತ್ತದೆ.

ಕೊಠಡಿಯಲ್ಲಿ ಆಗದ್ದೂ ಉಂಟು. ಅದನ್ನು ಮುಚ್ಚಿಟ್ಟು ಹೇಳಬಾರದು. ಪೊಲೀಸ್ ಕೆಲಸಕ್ಕೆ ಹೋಗಬಯಸುವ ಹುಡುಗ 1600 ಮೀಟರ್ ಓಡಲೇಬೇಕು. ಅದನ್ನು ಹತ್ತಡಿಯಲ್ಲಿ ಕಲಿಯಲಾಗದು. ಬಿಸಿಲೂ ಮೈಗೆ ಬೇಕು, ದೂರಕ್ಕೆ ನೋಡುವುದೂ ಓದಿ ದಣಿದ ಕಣ್ಣಿಗೆ ಬೇಕು. ವಾರಕ್ಕೊಮ್ಮೆಯಾದರೂ ಅಪ್ಪನ ಕೆರೆಯ ಸುತ್ತ ನಡೆಯಬಹುದು, ಬಹಮನಿ ಅರಸರ ಕೋಟೆಯ ಕಡೆಗೆ ಹೋಗಿಬರಬಹುದು. ಹುಡುಗಿಯರು ನಾಲ್ಕೈದು ಮಂದಿ ಕೂಡಿ ಹೊರಟರೆ ನೋಡುವ ಕಣ್ಣುಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಗರಡಿಯಲ್ಲಿದ್ದು ಕೊಠಡಿಯಲ್ಲಿಲ್ಲದ ಇನ್ನೊಂದು ವಸ್ತು, ನಿಂತು ನೋಡಿ ತಪ್ಪು ತಿದ್ದುವ ಉಸ್ತಾದ. ಕೈಯಲ್ಲಿರುವ ಫೋನು ಇಂದು ಸಾವಿರ ಉಸ್ತಾದರನ್ನು ಪುಕ್ಕಟೆ ತೋರಿಸುತ್ತದೆ. ಮೂವತ್ತು ದಿನಗಳಲ್ಲಿ ಮೈ ಕಟ್ಟಿಕೊಡುವೆನೆಂದು ಆಣೆ ಇಡುವವನನ್ನು ಮೊದಲು ಬಿಟ್ಟುಬಿಡಿ. ಅದಕ್ಕಿಂತ ಮೇಲಾದುದು, ಅದೇ ಫೋನಿನಲ್ಲಿ ಕೊಠಡಿಯ ಮಿತ್ರನಿಂದ ನಿಮ್ಮ ದಂಡದ ಚಿತ್ರವನ್ನು ತೆಗೆಸಿ ನೀವೇ ನೋಡುವುದು. ಸೊಂಟ ಜೋತುಬಿದ್ದಿದೆಯೋ ಇಲ್ಲವೋ ಎಂಬುದನ್ನು ಹೇಳಲು ಉಸ್ತಾದ ಬೇಕಿಲ್ಲ.

ಮೂವರಿರುವ ಕೊಠಡಿಯಲ್ಲಿ ಒಂದು ಚಾಪೆಯ ನೆಲ ಮಾತ್ರ ಖಾಲಿಯಾಗುವುದಾದರೆ ಸರದಿ ಇಟ್ಟುಕೊಳ್ಳಬೇಕು: ಐದಕ್ಕೆ ಒಬ್ಬ, ಐದು ಇಪ್ಪತ್ತೈದಕ್ಕೆ ಇನ್ನೊಬ್ಬ, ಆರಕ್ಕೆ ಹತ್ತು ನಿಮಿಷವಿರುವಾಗ ಮೂರನೆಯವ. ತನ್ನ ಸರದಿಗೆ ಏಳದವನ ಚಾಪೆಯನ್ನು ಉಳಿದಿಬ್ಬರೂ ಸೇರಿ ಸುತ್ತಿಟ್ಟರೆ ತಪ್ಪಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಸ್ನಾನಕ್ಕೇನು ಗತಿ ಎಂದು ಕೇಳುತ್ತಾರೆ. ಮ್ಯುಲ್ಲರನ ಹದಿನೈದು ನಿಮಿಷಗಳಲ್ಲಿ ಮೈ ತೊಳೆದು ಉಜ್ಜಿಕೊಳ್ಳುವುದೂ ಸೇರಿಯೇ ಇತ್ತು. ಒಂದು ತಂಬಿಗೆ ನೀರು, ಒಂದು ಒರಟು ಟವೆಲು ಇದ್ದರೆ ಮೈಯೊರೆಸಿಕೊಂಡು ಎಂಟು ಗಂಟೆಯ ತರಗತಿಗೆ ಬರಬಹುದು.